ಲಾಸ್ ಏಂಜಲೀಸ್‌ನಲ್ಲಿ ಉಳಿದವರು

ಮೂವತ್ತೊಂದು ವರ್ಷದಿಂದ ವಿಮಾನದ ಟಿಕೆಟ್ ಮಾರುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನನ್ನು 'ಎಷ್ಟು ದೂರ' ಎಂದು ಕೇಳಿಲ್ಲ. ಎಲ್ಲರೂ ಕೇಳುವುದು 'ಎಷ್ಟು ಹೊತ್ತು' ಎಂದೇ. ಅದನ್ನಾದರೂ ನೆಟ್ಟಗೆ ಕೇಳುತ್ತಾರೆಯೇ, ಇಲ್ಲ. ವಿಮಾನ ಗಾಳಿಯಲ್ಲಿರುವ ಹೊತ್ತು ಬೇರೆ, ಒಂದು ಮನೆಯ ಬಾಗಿಲು ಬಿಟ್ಟು ಇನ್ನೊಂದು ಮನೆಯ ಬಾಗಿಲು ತಟ್ಟುವ ಹೊತ್ತು ಬೇರೆ. ಎರಡನ್ನೂ ಬೇರೆಬೇರೆ ಬರೆದು ಕೊಟ್ಟರೆ ಮುಖ ಸಿಂಡರಿಸಿ, ಕೊನೆಗೆ ಒಂದೇ ಅಂಕಿ ಹೇಳಪ್ಪ ಎನ್ನುತ್ತಾರೆ. ಹೇಳುತ್ತೇನೆ. ಆಮೇಲೆ ಅಷ್ಟು ಹೊತ್ತಿಗೆ ಮನೆ ಮುಟ್ಟಲಿಲ್ಲ ಎಂದು ನನ್ನನ್ನೇ ಬೈಯುತ್ತಾರೆ.

ನನ್ನ ಅಂಗಡಿ ಇರುವುದು ಚೀಜಿನ್ ದ್ವೀಪದಲ್ಲಿ, ದೋಣಿ ಕಟ್ಟೆಯ ಎದುರಿಗೆ, ಮೀನುಂಡೆ ಸಾರಿನ ಅಂಗಡಿಗೂ ಸ್ಕೂಟರ್ ರಿಪೇರಿಯವನಿಗೂ ನಡುವೆ. ಕಾವೊಶ್ಯುಂಗ್ ನಗರ ಕಾಲುವೆಯ ಆಚೆ ದಡದಲ್ಲಿದೆ. ಸ್ಕೂಟರು ಸಮೇತ ಜನ ಹತ್ತುವ ದೊಡ್ಡ ದೋಣಿಯಲ್ಲಿ ಐದು ನಿಮಿಷ. ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ದೂರ ಸಮುದ್ರದ ಮೀನು ಹಡಗಿನವರು. ಹಡಗುಗಳು ಅಲ್ಲೆಲ್ಲೋ ಇನ್ನೊಂದು ಖಂಡದ ಬಂದರಿನಲ್ಲಿ ಬಿದ್ದಿರುತ್ತವೆ, ಮನುಷ್ಯರು ಮಾತ್ರ ವಿಮಾನದಲ್ಲಿ ಓಡಾಡುತ್ತಾರೆ.

ಹೋಂಗ್ ಶುಯ್‌ಮು ಅಂಥವರಲ್ಲೊಬ್ಬರು. ನಮ್ಮ ಬೀದಿಯಲ್ಲೇ ಮೂರು ಮನೆ ಆಚೆಗೆ ಅವರ ಮನೆ. ನಾನು ಅಣ್ಣ ಎನ್ನುತ್ತಿದ್ದೆ. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬೊಂಡಾಸ್, ಅಂದರೆ ಸ್ಕ್ವಿಡ್, ಹಿಡಿಯುವ ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುವ ಕೆಲಸ. ಹಡಗಿನ ಬಂದರು ಉರುಗ್ವೆ ದೇಶದ ಮೊಂಟೆವಿಡಿಯೊ. ಕಾವೊಶ್ಯುಂಗ್‌ನಿಂದ ಅಲ್ಲಿಗೆ ಗೆರೆ ಎಳೆದ ಹಾಗೆ ಹಾರಿದರೆ ಹದಿನೆಂಟು ಸಾವಿರದ ಆರುನೂರು ಕಿಲೋಮೀಟರ್. ಇನ್ನೊಂದು ಸಾವಿರದ ನಾನೂರು ಮುಂದೆ ಹೋದರೆ ವಾಪಸ್ ಬರುವ ದಾರಿಯೇ ಶುರುವಾಗುತ್ತದೆ, ಭೂಮಿ ಇರುವುದೇ ಅಷ್ಟು. ಅವರ ಮದುವೆಯಾಗಿ ಮೂವತ್ತೆಂಟು ವರ್ಷ; ನಾನು ಟಿಕೆಟ್ ಕೊಟ್ಟ ಮೂವತ್ತೊಂದು ವರ್ಷದಲ್ಲಿ ಅವರು ಈ ಬೀದಿಯ ಮನೆಯಲ್ಲಿದ್ದದ್ದು ಒಟ್ಟು ನಾಲ್ಕು ವರ್ಷ ಚಿಲ್ಲರೆ. ಇದು ಅಂದಾಜಲ್ಲ, ನನ್ನ ಹಳೆಯ ಬುಕಿಂಗ್ ಪುಸ್ತಕಗಳನ್ನು ತೆಗೆದು ಒಂದು ಬಿಡುವಿನ ಮಧ್ಯಾಹ್ನ ಕೂಡಿ ನೋಡಿದ್ದೇನೆ.

ಏಪ್ರಿಲ್ ಮೊದಲ ವಾರ ಮೊಂಟೆವಿಡಿಯೊದ ಆಸ್ಪತ್ರೆಯೊಂದರಲ್ಲಿ ಹೃದಯ ನಿಂತು ಅವರು ತೀರಿಕೊಂಡರು. ಅರವತ್ತಮೂರು ವಯಸ್ಸು. ಅಲ್ಲೇ ದಹನ ಮಾಡಿ ಬೂದಿ ತರುವುದೆಂದಾಯಿತು. ಹೋಗಬೇಕಾದವನು ಒಬ್ಬನೇ ಮಗ ರೂಯ್‌ಬಿನ್. ಮೂವತ್ತನಾಲ್ಕು ವರ್ಷದವನು, ನಗರದ ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಿಸುತ್ತ, ಇದು ಸ್ಪಷ್ಟವೇ ಅದು ಸ್ಪಷ್ಟವೇ ಎಂದು ಮೆಲ್ಲಗೆ ಕೇಳುವವನು. ಅವನು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ದೂರದಲ್ಲಿ ಸತ್ತವರ ಬೂದಿಯನ್ನು ತಂದರೆ ಮುಗಿಯಲಿಲ್ಲ, ಅವರನ್ನೂ ಕರೆದುಕೊಂಡು ಬರಬೇಕು. ಸತ್ತವರಿಗೆ ದಾರಿ ಗೊತ್ತಾಗುವುದಿಲ್ಲ. ಗಾಡಿ ಹತ್ತುವಾಗ ಹತ್ತಿ ಎಂದು, ಇಳಿಯುವಾಗ ಇಳಿಯಿರಿ ಎಂದು, ಸೇತುವೆ ಬಂದರೆ ಸೇತುವೆ ಬಂತೆಂದು, ಮನೆಯವರು ಬಾಯಿಬಿಟ್ಟು ಹೇಳುತ್ತ ಬರಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಅವರಿಗೆ ಕೇಳಿಸದು. ಎಲ್ಲಿ ಹೇಳಲಿಲ್ಲವೋ ಅಲ್ಲೇ ನಿಂತುಬಿಡುತ್ತಾರೆ. ನಮ್ಮ ದೋಣಿಯಲ್ಲಿ ಸತ್ತವರಿಗೆ ಬಿಸಿಲು ತಾಗದಿರಲೆಂದು ಕಪ್ಪು ಕೊಡೆ ಹಿಡಿದು ಬೂದಿಯ ಬಟ್ಟೆಗಂಟಿನ ಜೊತೆ ಮಾತಾಡುತ್ತ ನಿಂತವರನ್ನು ಕಂಡರೆ ಯಾರೂ ಕತ್ತು ತಿರುಗಿಸಿ ನೋಡುವುದಿಲ್ಲ. ಸ್ಕೂಟರಿನವರು ಸ್ವಲ್ಪ ಸರಿದು ಜಾಗ ಬಿಡುತ್ತಾರೆ.

ಶುಯ್‌ಮು ಅಣ್ಣನ ಹೆಂಡತಿ ಬೋಂಗ್‌ಚಿ ಅತ್ತಿಗೆ ಸುದ್ದಿ ಬಂದ ಮರುದಿನವೇ ನನ್ನ ಅಂಗಡಿಗೆ ಬಂದರು. ಅವರ ಹೆಸರಿನ ಅರ್ಥ 'ಇರಲಿ ಬಿಡು, ಸಾಕೋಣ' ಎಂದು. ಐದನೆಯದೂ ಹೆಣ್ಣಾಯಿತೆಂದು ಅಪ್ಪ ಇಟ್ಟ ಹೆಸರು. ಅಂಥ ಹೆಸರು ಹೊತ್ತವರು ಒಂದೋ ಮೆತ್ತಗಾಗುತ್ತಾರೆ, ಇಲ್ಲವೇ ಗಟ್ಟಿಯಾಗುತ್ತಾರೆ. ಇವರು ಎರಡನೆಯ ಜಾತಿ. ಅತ್ತುಕೊಂಡು ಬರಲಿಲ್ಲ. ಮೊಂಟೆವಿಡಿಯೊದಿಂದ ಮನೆಯ ಹೊಸ್ತಿಲವರೆಗೆ ಎಲ್ಲೆಲ್ಲಿ ಹತ್ತಬೇಕು, ಎಲ್ಲೆಲ್ಲಿ ಇಳಿಯಬೇಕು, ಎಲ್ಲವನ್ನೂ ಗಂಟೆ ಸಮೇತ ದಪ್ಪಕ್ಷರದಲ್ಲಿ ಬರೆದುಕೊಡು ಎಂದರು.

ಬರೆದುಕೊಟ್ಟೆ. ಮೊಂಟೆವಿಡಿಯೊದಿಂದ ಸಾವೊ ಪಾಲೊ ಎರಡೂವರೆ ಗಂಟೆ. ಅಲ್ಲಿಂದ ಲಾಸ್ ಏಂಜಲೀಸ್ ಹನ್ನೆರಡೂವರೆ. ಅಲ್ಲಿಂದ ನಮ್ಮ ದೇಶದ ದೊಡ್ಡ ವಿಮಾನ ನಿಲ್ದಾಣ ತಾವೊಯುವಾನ್ ಹದಿನಾಲ್ಕು. ಆಮೇಲೆ ವೇಗದ ರೈಲು, ಆಮೇಲೆ ಟ್ಯಾಕ್ಸಿ, ಆಮೇಲೆ ದೋಣಿ. ಕಾಯುವ ಹೊತ್ತೆಲ್ಲ ಸೇರಿ ನಲವತ್ತನಾಲ್ಕು ಗಂಟೆ. ಹತ್ತುವುದು ಇಳಿಯುವುದು ಸೇರಿ ಹನ್ನೆರಡು ಸಲ ಕೂಗಬೇಕು. ಅತ್ತಿಗೆ ಬೆರಳಿಟ್ಟು ಎಣಿಸಿ, ಮೂರು ಪ್ರತಿ ಮಾಡಿಸಿಕೊಂಡು ಹೋದರು.

ರೂಯ್‌ಬಿನ್ ವಾಪಸ್ ಬಂದ ದಿನ ನಾನು ಕಟ್ಟೆಯ ಮೇಲೆಯೇ ಇದ್ದೆ. ಕೊಡೆ ಬಿಚ್ಚಿ ಹಿಡಿದಿದ್ದ, ಗಂಟನ್ನು ಎದೆಗವಚಿಕೊಂಡಿದ್ದ. ದೋಣಿ ದಡಕ್ಕೆ ತಾಗಿದಾಗ "ಅಪ್ಪ, ಚೀಜಿನ್ ಬಂತು, ಇಳೀರಿ" ಎಂದ. ಸ್ವರ ಒಡೆದಿತ್ತು. ನಿದ್ದೆಗೆಟ್ಟ ಕಣ್ಣು. ಪಾಪ, ಸರಿಯಾಗಿ ಮಾಡಿದ್ದಾನೆ ಎಂದುಕೊಂಡೆ.

ಮಧ್ಯಾಹ್ನ ಪೂಜಾರಿ ವೂ ಬಂದು ಧೂಪ ಹಚ್ಚಿದರು. ಹೆಸರು ಬರೆದ ಮರದ ಫಲಕ ಸಿದ್ಧವಾಗಿತ್ತು. ಅದನ್ನು ದೇವರ ಮೇಜಿನ ಮೇಲೆ ಹಿರಿಯರ ಸಾಲಿನಲ್ಲಿ ಇಡುವ ಮುಂಚೆ ಬಂದಿರಾ ಎಂದು ಅವರನ್ನೇ ಕೇಳಬೇಕು. ಕೇಳುವುದು ಪೋಯೆ ಹಾಕಿ. ಅರ್ಧಚಂದ್ರದ ಆಕಾರದ ಎರಡು ಮರದ ತುಂಡು, ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ನೆಲಕ್ಕೆ ಬಿಟ್ಟಾಗ ಒಂದು ಚಪ್ಪಟೆ ಒಂದು ಉಬ್ಬು ಮೇಲೆ ಬಂದರೆ ಹೌದು. ಎರಡೂ ಉಬ್ಬು ಮೇಲೆ ಬಂದರೆ ಇಲ್ಲ. ಎರಡೂ ಚಪ್ಪಟೆ ಬಂದರೆ ಅವರು ನಗುತ್ತಿದ್ದಾರೆ, ಇನ್ನೊಮ್ಮೆ ಕೇಳು ಎಂದರ್ಥ.

ಅತ್ತಿಗೆ ಮಂಡಿಯೂರಿ ಕೇಳಿದರು. ಇಲ್ಲ. ಇನ್ನೊಮ್ಮೆ, ಇಲ್ಲ. ಮೂರನೆಯ ಸಲವೂ ಇಲ್ಲ. ಪೂಜಾರಿ ಹೊಸ ಧೂಪ ಹಚ್ಚಿದರು. ನೆರೆಯವರು ತಲೆಗೊಂದು ಮಾತು ಹೇಳಿದರು. ಊಟ ಸರಿಯಿಲ್ಲವೇನೋ ಎಂದು ಒಬ್ಬರು ಹುರಿದ ಹಾಲುಮೀನು ತಂದಿಟ್ಟರು. ಸಿಗರೇಟು ಬೇಕೇನೋ ಎಂದು ಇನ್ನೊಬ್ಬರು ಹಚ್ಚಿ ಇಟ್ಟರು. ಹೆಂಡತಿಯ ಮೇಲೆ ಸಿಟ್ಟಿರಬೇಕು ಎಂದು ಮೂರನೆಯವರು ಪಿಸುಗುಟ್ಟಿದ್ದು ಅತ್ತಿಗೆಗೆ ಕೇಳಿಸಿತು. ಒಂಬತ್ತು ಸಲ ಹಾಕಿದರೂ ಎರಡು ತುಂಡೂ ಆಮೆಯ ಹಾಗೆ ಬೆನ್ನು ಮೇಲೆ ಮಾಡಿಕೊಂಡೇ ಬಿದ್ದವು.

ಆಗ ಅತ್ತಿಗೆ ನನಗೆ ಹೇಳಿ ಕಳಿಸಿದರು. ಪಟ್ಟಿ ತೆಗೆದುಕೊಂಡು ಬರಬೇಕಂತೆ.

ಈ ವಿಷಯದಲ್ಲಿ ನನ್ನ ನಂಬಿಕೆ ಅರ್ಧಂಬರ್ಧ. ದೋಣಿ ಹತ್ತುವಾಗ ನನ್ನ ಅಮ್ಮನನ್ನು ನಾನೂ ಕೂಗಿದ್ದೇನೆ, ಅದು ಬೇರೆ ಮಾತು. ಆದರೆ ದಾರಿಯಲ್ಲಿ ಏನಾದರೂ ತಪ್ಪಿದೆ ಎಂದರೆ ಎಲ್ಲಿ ತಪ್ಪಿದೆ ಎಂದು ಮೊದಲಿನಿಂದ ಒಂದೊಂದೇ ನಿಲ್ದಾಣ ನೋಡಿಕೊಂಡು ಬರುವುದು ನನ್ನ ಕಸುಬು. ಕಳೆದುಹೋದ ಪೆಟ್ಟಿಗೆಗಳನ್ನು ಹುಡುಕುವುದು ಹಾಗೆಯೇ. ಕನ್ನಡಕ ಏರಿಸಿ ಪಟ್ಟಿ ಓದುತ್ತ ಹೋದೆ, ಅತ್ತಿಗೆ ಪೋಯೆ ಹಾಕುತ್ತ ಹೋದರು.

ಮೊಂಟೆವಿಡಿಯೊದಲ್ಲಿ ವಿಮಾನ ಹತ್ತಿದಿರಾ ಎಂದು ಕೇಳಿದ್ದಕ್ಕೆ ಮೊದಲ ಸಲಕ್ಕೇ ಹೌದು ಬಂತು. ಮನೆಯಲ್ಲಿದ್ದವರೆಲ್ಲ ಒಮ್ಮೆ ಉಸಿರು ಬಿಟ್ಟರು. ಸಾವೊ ಪಾಲೊದಲ್ಲಿ ಇಳಿದದ್ದು ಹೌದು, ಹತ್ತಿದ್ದು ಹೌದು. ಲಾಸ್ ಏಂಜಲೀಸ್‌ನಲ್ಲಿ ಇಳಿದದ್ದು ಹೌದು. ಲಾಸ್ ಏಂಜಲೀಸ್‌ನಲ್ಲಿ ಹತ್ತಿದಿರಾ?

ಇಲ್ಲ.

ಮತ್ತೆ ಕೇಳಿದರು, ಮತ್ತೆ ಇಲ್ಲ. ಮೂರು ಸಲ ಹಾಗೇ ಆದ ಮೇಲೆ ಅತ್ತಿಗೆ ಪೋಯೆಯನ್ನು ಕೆಳಗಿಟ್ಟು ಮಗನ ಕಡೆ ನೋಡಿದರು. ನೋಡಬೇಕಾಗಿಯೂ ಇರಲಿಲ್ಲ. ರೂಯ್‌ಬಿನ್‌ನ ಕಿವಿ ಕೆಂಪಾಗಿ, ಕಣ್ಣು ನೆಲ ನೋಡುತ್ತಿತ್ತು.

ಅವನು ಹೇಳಿದ್ದು ಇಷ್ಟು. ಅಮೆರಿಕದಲ್ಲಿ ಇನ್ನೊಂದು ವಿಮಾನ ಹಿಡಿಯುವವರೂ ದೇಶದೊಳಕ್ಕೆ ಬಂದೇ ಹೋಗಬೇಕು, ಬೆರಳಚ್ಚು ಕೊಡಬೇಕು. ಸಾಲಿನಲ್ಲಿ ಮುನ್ನೂರು ಜನ. ಚಾವಣಿಯ ಕೆಳಗೆ ಕೊಡೆ ಬಿಚ್ಚಿ ನಿಂತಿದ್ದ ಇವನನ್ನು ನೋಡಿ ಅಧಿಕಾರಿಯೊಬ್ಬ ಮರ್ಯಾದೆಯಿಂದಲೇ ಅದನ್ನು ಮಡಚಿ ಎಂದ. ಗಂಟಿನಲ್ಲಿ ಏನೆಂದು ಕೇಳಿದ. ಕಾಗದಪತ್ರ ನೋಡಲು ಪಕ್ಕದ ಕೋಣೆಗೆ ಕರೆದೊಯ್ದರು. ಮುಕ್ಕಾಲು ಗಂಟೆ ಹಿಡಿಯಿತು. ಬಿಡುವಾಗ ಸಂತಾಪ ಹೇಳಿ ಕಳಿಸಿದರು. ಅಲ್ಲಿಂದ ಓಡಿ ಬಾಗಿಲು ಮುಟ್ಟಿದಾಗ ಇವನೇ ಕೊನೆಯವನು, ಹಿಂದೆ ಇಬ್ಬರು ಸಿಬ್ಬಂದಿ, ಮುಂದೆ ವಿಮಾನದ ತುಂಬ ಕುಳಿತು ಇವನಿಗಾಗಿ ಕಾಯುತ್ತಿದ್ದ ಜನ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ನಾಚಿಕೆ ಆಯ್ತಮ್ಮ" ಎಂದ. "ಮನಸ್ಸಲ್ಲಿ ಹೇಳ್ದೆ. ಬಾಯಿ ಬರ್ಲಿಲ್ಲ."

ಅತ್ತಿಗೆ ಕೆಳಗಿಟ್ಟಿದ್ದ ಪೋಯೆಯನ್ನು ಎತ್ತಿ ಮೇಜಿನ ಮೇಲಿಟ್ಟರು. ಆಮೇಲೆ, "ಕನ್ನಡಕ ತರಿಸ್ದಂಗೆ ತಂದಿದೀಯ. ಡಬ್ಬಿ ಬಂತು, ಒಳಗೆ ಗಾಜಿಲ್ಲ" ಎಂದರು. ಸ್ವರ ಏರಿಸಲಿಲ್ಲ. ಅದೇ ಹೆಚ್ಚು ನೋವಾಗಿರಬೇಕು ಅವನಿಗೆ.

ಅಂದರೆ ಶುಯ್‌ಮು ಅಣ್ಣ ಹತ್ತು ಸಾವಿರದ ಒಂಬೈನೂರು ಕಿಲೋಮೀಟರ್ ಆಚೆ, ಗೊತ್ತಿಲ್ಲದ ಊರಿನ ವಿಮಾನ ನಿಲ್ದಾಣದಲ್ಲಿ, ಮಗ ಎಲ್ಲಿ ಹೋದ ಎಂದು ನೋಡುತ್ತ ನಿಂತಿದ್ದಾರೆ. ನಂಬಿಕೆ ಅರ್ಧಂಬರ್ಧ ಇದ್ದವನಿಗೂ ಆ ಚಿತ್ರ ಕಣ್ಣಮುಂದೆ ಬಂತು. ಅವರು ಇಂಗ್ಲಿಷಿನ ಗಂಧ ಇಲ್ಲದ ಮನುಷ್ಯ. ವಿಮಾನ ಬದಲಿಸುವಾಗ ನಾನು ಬರೆದುಕೊಟ್ಟ ಚೀಟಿಯನ್ನು ಸಿಬ್ಬಂದಿಗೆ ತೋರಿಸಿಕೊಂಡು ಓಡಾಡಿದವರು.

ಪೂಜಾರಿ ವೂ ಸಲೀಸಾದ ದಾರಿ ಹೇಳಿದರು. ಸಮುದ್ರದ ದಂಡೆಯಲ್ಲಿ ಬಿದಿರಿನ ಕೊಂಬೆಗೆ ಬಿಳಿ ಬಟ್ಟೆ ಕಟ್ಟಿ, ಅಣ್ಣನ ಅಂಗಿಯೊಂದನ್ನು ಬೀಸಿ ಕರೆದರಾಯಿತು, ಒಂದು ಮಧ್ಯಾಹ್ನದ ಕೆಲಸ. ನಮ್ಮ ದಂಡೆ ಪಶ್ಚಿಮಕ್ಕೆ ಮುಖ ಮಾಡಿದೆ, ಲಾಸ್ ಏಂಜಲೀಸ್ ಇರುವುದು ಪೂರ್ವಕ್ಕೆ ಎಂದೆ ನಾನು. ಆತ್ಮಕ್ಕೆ ದಿಕ್ಕಿಲ್ಲ ಎಂದು ಪೂಜಾರಿ ಗದರಿದರು. ದಿಕ್ಕಿಲ್ಲದಿದ್ದರೆ ಇಷ್ಟೆಲ್ಲ ಕೂಗುವುದು ಯಾಕೆ ಎಂದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ನೆರೆಯವರಿಗೆಲ್ಲ ಪೂಜಾರಿಯ ಮಾತೇ ಸರಿ ಎನಿಸಿತು. ರೂಯ್‌ಬಿನ್ ಮಾತ್ರ ತಾನೇ ಮತ್ತೆ ಹೋಗುತ್ತೇನೆ, ನಾಳೆಯೇ ಹೋಗುತ್ತೇನೆ ಎಂದ.

ಅತ್ತಿಗೆ ಎರಡಕ್ಕೂ ತಲೆಯಾಡಿಸಲಿಲ್ಲ. ದಂಡೆಯಲ್ಲಿ ನಿಂತು ಕರೆಯುವುದು ಸಮುದ್ರದಲ್ಲಿ ಬಿದ್ದು ಹೋದವರನ್ನು. ಇವರು ಮಂಚದ ಮೇಲೆ ಸತ್ತವರು, ಕಾಲ ಮೇಲೆ ನಿಂತಿದ್ದಾರೆ, ಹೋಗಿ ಕರೆದುಕೊಂಡು ಬರಬೇಕು ಎಂದರು. ನಲವತ್ತೊಂಬತ್ತನೆಯ ದಿನದೊಳಗೆ ಫಲಕ ಮೇಜಿನ ಮೇಲೆ ಕೂರಬೇಕು, ಇಲ್ಲವಾದರೆ ಅವರು ಮನೆಯವರಾಗದೆ ಬೀದಿಯವರಾಗುತ್ತಾರೆ. ಆ ಹೊತ್ತಿಗೆ ಹದಿನಾರು ದಿನ ಕಳೆದಿತ್ತು.

ಮರುದಿನ ಬೆಳಿಗ್ಗೆ ನಾನು ಬಾಗಿಲು ಎತ್ತುವ ಮುಂಚೆಯೇ ಅತ್ತಿಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಬಂದು, ಕೈಚೀಲದಿಂದ ಗುರುತಿನ ಚೀಟಿಯನ್ನೂ ಎರಡು ಭಾವಚಿತ್ರಗಳನ್ನೂ ತೆಗೆದು ಮೇಜಿನ ಮೇಲಿಟ್ಟರು. ಪಾಸ್‌ಪೋರ್ಟ್ ಮಾಡಿಸಬೇಕು, ತಾನೇ ಹೋಗುತ್ತೇನೆ ಎಂದರು. ವಿಮಾನವನ್ನು ಒಳಗಿನಿಂದ ಕಂಡವರಲ್ಲ. ದ್ವೀಪ ಬಿಟ್ಟು ಅವರು ಹೋದ ಅತಿ ದೂರದ ಜಾಗ ತೈನಾನ್‌ನ ತವರುಮನೆ, ಐವತ್ತು ಕಿಲೋಮೀಟರ್.

ನಾನು ಕೈಲಾದಷ್ಟು ಹೆದರಿಸಿದೆ. ಅಲ್ಲಿ ಯಾಕೆ ಬಂದಿರಿ ಎಂದು ಕೇಳುತ್ತಾರೆ ಎಂದೆ. ಗಂಡನನ್ನು ಕರೆದುಕೊಂಡು ಹೋಗಲು ಬಂದೆ ಎನ್ನುತ್ತೇನೆ ಎಂದರು. ಗಂಡನ ವಿಳಾಸ ಕೇಳುತ್ತಾರೆ, ಅದೆಲ್ಲ ಬೇಡ, ಪ್ರವಾಸ ಎನ್ನಿ ಎಂದೆ. ಸರಿ ಎಂದರು. ಕಾಗದದ ಮೇಲೆ ನಿಲ್ದಾಣದ ನಕ್ಷೆ ಬರೆದೆ: ಬೆರಳಚ್ಚಿನ ಸಾಲು ಇಲ್ಲಿ, ಮಗನನ್ನು ಕರೆದೊಯ್ದ ಕೋಣೆ ಹೆಚ್ಚುಕಡಿಮೆ ಇಲ್ಲಿ, ಹೊರಗೆ ಬಂದ ಮೇಲೆ ಮೆಟ್ಟಿಲು ಹತ್ತಿದರೆ ಹೊರಡುವ ವಿಮಾನಗಳು. ಅವರು ಕೋಣೆಯ ಮೇಲೆ ಬೆರಳಿಟ್ಟು, ಇಲ್ಲೇ ಇರುತ್ತಾರೆ, ಹೇಳದೆ ಒಂದು ಹೆಜ್ಜೆ ಆಚೆ ಇಡುವವರಲ್ಲ ಎಂದರು.

ಹೊತ್ತೆಷ್ಟು ಎಂದು ಕೇಳಿದರು. ಹೋಗುವಾಗ ಹನ್ನೆರಡು ಗಂಟೆ, ಬರುವಾಗ ಹದಿನಾಲ್ಕು. ದಾರಿ ಒಂದೇ ಆದರೆ ಎರಡು ಗಂಟೆ ಹೆಚ್ಚು ಯಾಕೆ ಎಂದರು. ಅಷ್ಟು ಎತ್ತರದಲ್ಲಿ ಗಾಳಿ ಯಾವಾಗಲೂ ಪೂರ್ವಕ್ಕೇ ಬೀಸುತ್ತದೆ ಅತ್ತಿಗೆ, ಬರುವಾಗ ಎದುರುಗಾಳಿ ಎಂದೆ. ಒಳ್ಳೆಯದಾಯಿತು ಎಂದರು. ಯಾಕೆ ಒಳ್ಳೆಯದೆಂದು ನನಗಾಗ ಹೊಳೆಯಲಿಲ್ಲ.

ಅತ್ತಿಗೆ ಪಟ್ಟಿಯನ್ನು ಇನ್ನೊಮ್ಮೆ ನೋಡಿದರು. ಹೊರಗೆ ದೋಣಿ ಬಂದು, ಸ್ಕೂಟರುಗಳೆಲ್ಲ ಒಟ್ಟಿಗೆ ದಡಕ್ಕೆ ಹಾರಿ, ಸದ್ದಡಗಿದ ಮೇಲೆ ಕೇಳಿದರು.

"ಬರೋವಾಗ ಇದಕ್ಕಿಂತ ಸುತ್ತು ದಾರಿ ಇಲ್ವಾ, ತಿಯೆನ್‌ಫಾ?"

ನನಗೇ ತಪ್ಪಾಗಿ ಕೇಳಿಸಿತೇನೋ ಎಂದುಕೊಂಡೆ. ನೇರ ವಿಮಾನ ಇದೆ, ಅದರಲ್ಲೇ ಬನ್ನಿ ಎಂದೆ. ನೇರ ವಿಮಾನ ಬೇಡ ಎಂದರು. ಸುತ್ತು ದಾರಿಯಲ್ಲಿ ವಿಮಾನ ಬದಲಿಸಬೇಕಾಗುತ್ತದೆ, ಒಂದೊಂದು ಕಡೆಯೂ ಇಳಿಸಬೇಕು, ಹತ್ತಿಸಬೇಕು, ಒಂದು ಕಡೆ ಕಳೆದುಕೊಂಡದ್ದು ಸಾಲದೇ ಎಂದು ಸ್ವಲ್ಪ ಒರಟಾಗಿಯೇ ಹೇಳಿದೆ.

"ನಂಗೇನು ನಾಚಿಕೆ ಇಲ್ಲ, ಕೂಗ್ತೀನಿ" ಎಂದರು. ಆಮೇಲೆ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ, "ಅವರು ಹದಿನಾಲ್ಕು ಗಂಟೆ ಒಂದೇ ಕಡೆ ನನ್ನ ಪಕ್ಕ ಕೂತಿದ್ದೇ ಇಲ್ಲ. ಮನೆಗೆ ಬಂದ್ರೆ ಸೂರು ಸೋರತ್ತೆ ಅಂತ ಮೇಲೆ ಹತ್ತೋರು, ಮೋಟಾರು ಬಿಚ್ಚೋರು, ಹಡಗಿನವರ ಜೊತೆ ಕಟ್ಟೆಗೆ ಹೋಗೋರು. ವಿಮಾನದಲ್ಲಿ ಎದ್ದು ಎಲ್ಲಿಗೆ ಹೋಗ್ತಾರೆ? ಮನೆ ಸೇರಿದ್ಮೇಲೆ ಮೇಜಿನ ಮೇಲೆ ಎಲ್ಲರ ಹಿರಿಯರಾಗಿ ಕೂತ್ಬಿಡ್ತಾರೆ. ನಾನು ಕೆಳಗೆ ನಿಂತು ಕೈಮುಗೀಬೇಕು. ದಾರೀಲಿ ಮಾತ್ರ ತಾನೇ ಅವರು ನಂಗೆ ಸಿಗೋದು?"

ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬ ಗಿರಾಕಿ ನನ್ನಲ್ಲಿ ಹೆಚ್ಚು ಹೊತ್ತು ಕೇಳಿದರು. ಹುಡುಕುವ ಕ್ರಮವೇ ಕೈಗೆ ಅಭ್ಯಾಸವಿರಲಿಲ್ಲ. ಕಂಪ್ಯೂಟರು ಕಡಿಮೆ ಹೊತ್ತಿನದನ್ನು ಮೇಲೆ ತೋರಿಸುತ್ತದೆ. ನಾನು ಪುಟದ ಬುಡಕ್ಕೆ ಹೋಗಿ ಅಲ್ಲಿಂದ ನೋಡುತ್ತ ಬಂದೆ. ಲಾಸ್ ಏಂಜಲೀಸ್‌ನಿಂದ ಹೊನೊಲುಲು ಆರು ಗಂಟೆ. ಅಲ್ಲಿ ನಾಲ್ಕು ಗಂಟೆ ಕಾಯಬೇಕು. ಹೊನೊಲುಲುವಿನಿಂದ ಟೋಕಿಯೊ ಎಂಟೂವರೆ. ಅಲ್ಲಿ ಮೂರೂವರೆ ಗಂಟೆ ಕಾಯಬೇಕು. ಟೋಕಿಯೊದಿಂದ ನೇರ ನಮ್ಮ ಕಾವೊಶ್ಯುಂಗ್‌ಗೆ ನಾಲ್ಕೂಕಾಲು. ಒಟ್ಟು ಹನ್ನೆರಡು ಸಾವಿರದ ಏಳುನೂರ ಚಿಲ್ಲರೆ ಕಿಲೋಮೀಟರ್, ಇಪ್ಪತ್ತಾರೂಕಾಲು ಗಂಟೆ. ಓದಿ ಹೇಳಿದೆ. ಅವರು ದೂರವನ್ನೂ ಕೇಳಿಸಿಕೊಂಡರು, ಹೊತ್ತನ್ನೂ ಕೇಳಿಸಿಕೊಂಡರು, ಆಗಲಿ ಎಂದು ತಲೆಯಾಡಿಸಿದರು.

ಬರುವಾಗ ಪಕ್ಕಪಕ್ಕದ ಎರಡು ಸೀಟು ಬೇಕೆಂದರು. ಶುಯ್‌ಮು ಅಣ್ಣನಿಗೆ ಕಿಟಕಿ ಹಿಡಿಯಲೇ ಎಂದೆ. ಅವರು ಜೀವಮಾನವಿಡೀ ನೀರು ನೋಡಿದ್ದಾರೆ, ಕಿಟಕಿ ತನಗಿರಲಿ ಎಂದರು. ಸತ್ತವರ ಹೆಸರಿನಲ್ಲಿ ಟಿಕೆಟ್ ಬರುವುದಿಲ್ಲ. ಎರಡನೆಯ ಸೀಟನ್ನೂ ಅತ್ತಿಗೆಯ ಹೆಸರಿಗೇ, ಹೆಚ್ಚುವರಿ ಸೀಟು ಎಂದು ಬರೆಸಬೇಕಾಯಿತು. ಅವರು ಅದನ್ನು ಓದಿಸಿಕೊಂಡು ಮುಖ ಸಣ್ಣ ಮಾಡಿದರು. ಆಮೇಲೆ ನಾನು ಅದರ ಲಕೋಟೆಯ ಮೇಲೆ ಹೋಂಗ್ ಶುಯ್‌ಮು ಎಂದು ಕೈಯಲ್ಲಿ ಬರೆದುಕೊಟ್ಟೆ. ಇದು ನನ್ನ ಕಸುಬಿನ ನಿಯಮವಲ್ಲ.

ಪಾಸ್‌ಪೋರ್ಟ್ ಬರಲು ಐದು ದಿನ. ಆನ್‌ಲೈನಿನಲ್ಲಿ ಅಮೆರಿಕದ ಅನುಮತಿಯ ಅರ್ಜಿಯನ್ನು ನಾನೇ ತುಂಬಿದೆ. ಇಪ್ಪತ್ತಾರನೆಯ ದಿನ ಅವರು ಹೊರಟರು. ಕೈಯಲ್ಲಿ ಬೂದಿಯ ಗಂಟಿಲ್ಲ. ಅದು ಮನೆಯಲ್ಲೇ ಇತ್ತು. ಶುಯ್‌ಮು ಅಣ್ಣನ ಒಂದು ಅಂಗಿ, ಹಚ್ಚದ ಮೂರು ಧೂಪದ ಕಡ್ಡಿ, ಮಡಚಿದ ಕೊಡೆ, ನನ್ನ ಪಟ್ಟಿ. ಆ ಎರಡು ಸಂಜೆಯೂ ರೂಯ್‌ಬಿನ್ ಕೆಲಸ ಮುಗಿಸಿ ಮನೆಗೆ ಹೋಗುವಾಗ ನನ್ನ ಅಂಗಡಿಗೆ ಬಂದು, ಈಗ ಎಲ್ಲಿರಬಹುದು ಎಂದು ಕೇಳಿ ಹೋಗುತ್ತಿದ್ದ.

ಅಲ್ಲಿ ಏನಾಯಿತೆಂದು ಅತ್ತಿಗೆ ಆಮೇಲೆ ಹೇಳಿದ್ದನ್ನು ಇಲ್ಲಿ ಹೇಳುತ್ತೇನೆ. ಯಾಕೆ ಬಂದಿರಿ ಎಂದು ಕೇಳಿದಾಗ ನಾನು ಬಾಯಿಪಾಠ ಮಾಡಿಸಿದ್ದ ಇಂಗ್ಲಿಷಿನಲ್ಲಿ ಪ್ರವಾಸ ಎಂದರಂತೆ. ಎಷ್ಟು ದಿನ ಎಂದಾಗ ಆರು ಗಂಟೆ ಎಂದರಂತೆ. ಆರು ಗಂಟೆಯಲ್ಲಿ ಏನು ನೋಡುತ್ತೀರಿ ಎಂದು ಅಧಿಕಾರಿ ಹುಬ್ಬೇರಿಸಿದಾಗ ನಮ್ಮ ಮಾತು ಬಲ್ಲ ಹೆಂಗಸೊಬ್ಬಳನ್ನು ಕರೆಸಿದರು. ಅವಳು ನಮ್ಮ ಪಕ್ಕದ ಪಿಂಗ್‌ತುಂಗ್ ಜಿಲ್ಲೆಯ ಕಡೆಯವಳು. ಅವಳಿಗೆ ಅತ್ತಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಅವಳು ಅಧಿಕಾರಿಗೆ ಏನು ತರ್ಜುಮೆ ಮಾಡಿದಳೋ ದೇವರಿಗೇ ಗೊತ್ತು, ಅವನು ಮುದ್ರೆ ಒತ್ತಿದ. ಹೋಗುವಾಗ ಅವಳೇ ಆ ಪಕ್ಕದ ಕೋಣೆಯ ಬಾಗಿಲನ್ನು ತೋರಿಸಿದಳು. ಅತ್ತಿಗೆ ಬಾಗಿಲ ಮುಂದೆ ನಿಂತು, ಮೀನು ಮಾರುಕಟ್ಟೆಯಲ್ಲಿ ಕೂಗುವ ಸ್ವರದಲ್ಲಿ, "ಏನ್ರೀ, ನಾನು ಬಂದಿದೀನಿ. ಏಳಿ, ಮನೆಗೆ ಹೋಗೋಣ" ಎಂದರು. ಮುನ್ನೂರು ಜನ ತಿರುಗಿ ನೋಡಿದರಂತೆ. ನೋಡಲಿ ಎಂದರಂತೆ.

ಇಪ್ಪತ್ತೆಂಟನೆಯ ದಿನ ಮಧ್ಯಾಹ್ನ ಅವರು ಕಾವೊಶ್ಯುಂಗ್‌ನಲ್ಲಿ ಇಳಿದರು. ಸಂಜೆಯೊಳಗೆ ಪೂಜಾರಿ ಬಂದರು, ನೆರೆಯವರೂ ಬಂದರು. ಬಂದಿರಾ ಎಂದು ಕೇಳಿ ಪೋಯೆ ಬಿಟ್ಟರು. ಒಂದು ಚಪ್ಪಟೆ, ಒಂದು ಉಬ್ಬು, ಮೊದಲ ಸಲಕ್ಕೇ. ರೂಯ್‌ಬಿನ್ ಗೋಡೆಗೆ ಹಣೆ ಒತ್ತಿ ಅತ್ತ. ಫಲಕ ಮೇಜು ಏರಿತು. ಅತ್ತಿಗೆ ಎಲ್ಲರ ಜೊತೆ ಕೆಳಗೆ ನಿಂತು ಕೈಮುಗಿದರು. ಅವರ ಮುಖದಲ್ಲಿ ನನಗೆ ಕಂಡದ್ದು ಬರೀ ಆಯಾಸ.

ಎರಡು ದಿನ ಬಿಟ್ಟು ಹೊನೊಲುಲುವಿನಿಂದ ತಂದ ಹುರಿದ ಬೀಜದ ಡಬ್ಬಿಯೊಂದನ್ನು ನನಗೆ ಕೊಡಲು ಅಂಗಡಿಗೆ ಬಂದರು. ಕಸುಬಿನ ಕುತೂಹಲ ತಡೆಯಲಾಗಲಿಲ್ಲ. ಇಪ್ಪತ್ತಾರೂಕಾಲು ಗಂಟೆ ಏನು ಮಾತಾಡಿದಿರಿ ಎಂದು ಕೇಳಿದೆ.

ಹೊನೊಲುಲುವರೆಗೆ ಬೀದಿಯ ಸುದ್ದಿ ಹೇಳಿದರಂತೆ, ಯಾರು ಸತ್ತರು, ಯಾರು ಮನೆ ಮಾರಿದರು, ಎಲ್ಲ. ಗಗನಸಖಿ ಎರಡು ಊಟ ತಂದಿಟ್ಟಳಂತೆ. ಆಮೇಲೆ ನಿದ್ದೆ ಮಾಡಿದೆ ಎಂದರು. ಹೊನೊಲುಲು ಬಿಟ್ಟದ್ದು ಗೊತ್ತು, ಟೋಕಿಯೊದಲ್ಲಿ ಚಕ್ರ ನೆಲಕ್ಕೆ ಬಡಿದದ್ದು ಗೊತ್ತು, ನಡುವೆ ಏನೂ ಗೊತ್ತಿಲ್ಲ.

ನನಗೆ ಸ್ವಲ್ಪ ಬೇಸರವೇ ಆಯಿತು. ಅಷ್ಟು ಹಟ ಹಿಡಿದು ಸುತ್ತು ದಾರಿ ಕೇಳಿ, ಸಿಕ್ಕಿದ ಹೊತ್ತಿನಲ್ಲಿ ಎಂಟೂವರೆ ಗಂಟೆ ನಿದ್ದೆ ಮಾಡಿ ಕಳೆದಿರಾ ಎಂದು ಕೇಳಿಯೇಬಿಟ್ಟೆ.

ಅತ್ತಿಗೆ ಸಿಟ್ಟಾಗಲಿಲ್ಲ.

"ರಜಕ್ಕೆ ಬಂದಾಗೆಲ್ಲ ಅಂಗಿ ಜೇಬಲ್ಲಿ ವಾಪಸ್ ಹೋಗೋ ಟಿಕೆಟ್ ಇಟ್ಕೊಂಡೇ ಬರೋರು" ಎಂದರು. "ಅರವತ್ತು ದಿನ. ಬಂದ ರಾತ್ರಿಯಿಂದಲೇ ನಾನು ಎಣಿಸೋಕೆ ಶುರು, ಐವತ್ತೊಂಬತ್ತು, ಐವತ್ತೆಂಟು ಅಂತ. ಅವರು ಪಕ್ಕದಲ್ಲಿ ಗೊರಕೆ ಹೊಡೀತಿದ್ರೆ ನಾನು ಚಾವಣಿ ನೋಡ್ಕೊಂಡು ಎಣಿಸ್ತಿದ್ದೆ. ಅವರು ಮನೇಲಿದ್ದಷ್ಟು ದಿನ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ."

ಆ ಟಿಕೆಟುಗಳನ್ನೆಲ್ಲ ಕೊಟ್ಟವನು ನಾನು. ಹೋಗುವುದು ಬರುವುದು ಒಟ್ಟಿಗೆ ತೆಗೆದರೆ ಅನುಕೂಲ ಎಂದು ಸಲಹೆ ಕೊಟ್ಟವನೂ ನಾನೇ. ಬೀಜದ ಡಬ್ಬಿಯ ಮುಚ್ಚಳ ತೆಗೆಯುತ್ತ ಕೂತೆ, ಅದು ಬರಲಿಲ್ಲ.

"ಈ ಸಲ ಅವರ ಟಿಕೆಟ್ ಬರೋದಕ್ಕೆ ಮಾತ್ರ ಇತ್ತಲ್ಲ, ತಿಯೆನ್‌ಫಾ" ಎಂದರು ಅತ್ತಿಗೆ. "ಅವರ ಸೀಟಿನ ಮೇಲೆ ತಲೆ ಇಟ್ಟೆ, ನಿದ್ದೆ ಬಂತು."